ಕರ್ನಲ್ ಆವೃತ್ತಿ ಬದಲಿಸದೆ ಡರ್ಟಿ ಪೈಪ್ ಮುಚ್ಚಿದೆ: ನನ್ನ ಅನುಭವ

ಹಳೆ ಡ್ರೈವರ್ ಉಳಿಸಿಕೊಂಡು ಲಿನಕ್ಸ್ ಕರ್ನಲ್‌ನ (ವ್ಯವಸ್ಥೆಯ ತಿರುಳು) ಡರ್ಟಿ ಪೈಪ್ ಎಂಬ ಭದ್ರತಾ ತೂತು ಮುಚ್ಚಲು ಆಗುವುದಿಲ್ಲ ಅಂದವರೇ ಈಗ ಫೋನ್ ಮಾಡಿ ಹೇಗೆ ಮಾಡಿದ್ದು ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಬದಿಯಡ್ಕದ ಒಂದು ಅಡಿಕೆ ಅಂಗಡಿಯ ಸರ್ವರ್. ಡೆಬಿಯನ್ 11 ಎಂಬ ಲಿನಕ್ಸ್, 5.10 ಕರ್ನಲ್. ತೂಕದ ಮಿಷನ್‌ಗಳು ಸೇರುವ ಸೀರಿಯಲ್ ಕಾರ್ಡಿನ ಡ್ರೈವರಿಗೆ ಸೋರ್ಸ್ ಕೋಡ್ ಇಲ್ಲ, ಹೊಸದಾಗಿ ಕಟ್ಟಲು ಆಗುವುದಿಲ್ಲ. ಕಾರ್ಡಿನ ಜೊತೆ ಬಂದ ಮಾಡ್ಯೂಲ್ (ಕಟ್ಟಿ ಮುಗಿಸಿದ ಡ್ರೈವರ್ ಫೈಲ್) ಆ ಒಂದು ಕರ್ನಲ್‌ಗೆ ಮಾತ್ರ ಹತ್ತುತ್ತದೆ. 2022ರ ಮಾರ್ಚ್‌ನಲ್ಲಿ ಡರ್ಟಿ ಪೈಪ್ ಹೊರಬಿತ್ತು: ಓದಲು ಮಾತ್ರ ಬಿಟ್ಟ ಫೈಲನ್ನೂ ಸಾಮಾನ್ಯ ಲಾಗಿನ್‌ನಿಂದ ತಿದ್ದಬಹುದಾದ ತೂತು. 5.10.102ರಲ್ಲಿ ದುರಸ್ತಿ ಇತ್ತು, ಹಾಕಿದರೆ ತೂಕ ನಿಲ್ಲುತ್ತದೆ. ಹೊಸ ಸರ್ವರ್, ಹೊಸ ಕಾರ್ಡ್ ಅಂತ ಡೀಲರ್ ಹೇಳಿದ್ದು ಹತ್ತಿರ ಹತ್ತಿರ ತೊಂಬತ್ತು ಸಾವಿರ.

"ಓಡ್ತಾ ಉಂಟಲ್ಲ, ಯಾಕೆ ಮುಟ್ಟುವುದು ಮಾರಾಯ್ರೆ?" ಅಂದರು ಧಣಿಗಳು. ಬಿಲ್ ಬರೆಯುವ ಹುಡುಗನ ಲಾಗಿನ್‌ನಿಂದಲೇ, ಓದಲು ಮಾತ್ರ ಬಿಟ್ಟಿದ್ದ ದರಪಟ್ಟಿಯ ನಕಲನ್ನು ಅವರ ಕಣ್ಣೆದುರೇ ತಿದ್ದಿ ತೋರಿಸಿದೆ. ತಿದ್ದಿದ್ದು ಮೆಮೊರಿಯ ಕ್ಯಾಶ್‌ನಲ್ಲಿದ್ದ ಪ್ರತಿಯನ್ನು ಮಾತ್ರ; ಅದನ್ನು ಖಾಲಿ ಮಾಡಿದ ಕೂಡಲೇ ಹಳೆ ದರ ವಾಪಸ್, ಡಿಸ್ಕಿಗೆ ಹೋಗಿರಲೇ ಇಲ್ಲವಲ್ಲ. ಧಣಿಗಳು ಮತ್ತೆ ಮಾತಾಡಲಿಲ್ಲ.

ಆ ದುರಸ್ತಿಯ ಪ್ಯಾಚ್ ಎರಡೇ ಸಾಲು: ಎರಡು ಕಡೆ ಪೈಪ್ ಬಫರ್‌ನ (ಒಂದು ಪ್ರೋಗ್ರಾಂನಿಂದ ಇನ್ನೊಂದಕ್ಕೆ ಡೇಟಾ ಹೋಗುವ ಜಾಗ) ಫ್ಲಾಗ್ಸ್ ಸೊನ್ನೆ ಮಾಡುವುದು. ಅದನ್ನಷ್ಟೇ ಹಳೆ ಕರ್ನಲ್‌ಗೆ ಸೇರಿಸಿ ಮತ್ತೆ ಕಟ್ಟುವುದು ನನ್ನ ಉಪಾಯ. ಯಾವ ಸ್ಟ್ರಕ್ಟ್ (ಡೇಟಾ ಜೋಡಣೆ) ಕೂಡ ಬದಲಾಗುವುದಿಲ್ಲ. ಹಾಗಿದ್ದರೆ ಸಿಂಬಲ್‌ಗಳ (ಮಾಡ್ಯೂಲ್ ಕರೆಯುವ ಕರ್ನಲ್ ಫಂಕ್ಷನ್‌ಗಳ) ಸಿಆರ್‌ಸಿ, ಅಂದರೆ ತಾಳೆ ಸಂಖ್ಯೆಯೂ ಅದೇ ಉಳಿಯಬೇಕು, ಹಳೆ ಮಾಡ್ಯೂಲ್ ಹತ್ತಲೇಬೇಕು. ನಾನು ನಂಬಿದ್ದು ಇದೊಂದನ್ನೇ.

ಮೊದಲ ಸಲ ಡಿಬಗ್ ಮಾಹಿತಿ ಸಮೇತ ಕಟ್ಟಲು ಹೋಗಿ ಡಿಸ್ಕ್ ತುಂಬಿತು. ಎರಡನೇ ಸಲ ಐದಾರು ಗಂಟೆ ಓಡಿದ ಮೇಲೆ ಕರೆಂಟ್ ಹೋಯಿತು, ಯುಪಿಎಸ್ ಅರ್ಧ ಗಂಟೆ ತಡೆಯಿತು ಅಷ್ಟೇ. ಮೂರನೇ ಸಲ ಬೇಗ ಆಗಲಿ ಅಂತ, ಆ ಹೊತ್ತಿಗೆ ಓಡುತ್ತಿರುವ ಡ್ರೈವರ್‌ಗಳನ್ನಷ್ಟೇ ಕಟ್ಟುವ ಲೋಕಲ್‌ಮಾಡ್‌ಕಾನ್ಫಿಗ್ ಪ್ರಯೋಗ ಮಾಡಿದೆ. ಮುಕ್ಕಾಲು ಗಂಟೆಯಲ್ಲಿ ಮುಗಿಯಿತು, ಆದರೆ ಮಾಡ್ಯೂಲ್ ಹತ್ತಲಿಲ್ಲ. ಆ ಹೊತ್ತಿಗೆ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಸಿಕ್ಕಿಸಿರಲಿಲ್ಲ, ಅದರ ಡ್ರೈವರೂ ಬಿಟ್ಟುಹೋಗಿತ್ತು. ಆ ದಾರಿ ಹಿಡಿಯಬೇಡಿ.

ಎಲ್ಲಕ್ಕಿಂತ ಕೆಟ್ಟದ್ದು ನಾಲ್ಕನೆಯದು. ಬೂಟ್ ಪಾರ್ಟಿಷನ್ ತುಂಬಿದ್ದು ನೋಡಲಿಲ್ಲ, ಬೂಟ್ ಆಗುವಾಗ ಮೊದಲು ಬೇಕಾದ ಇನಿಟ್‌ರಾಮ್‌ಎಫ್‌ಎಸ್ ಫೈಲ್ ಅರ್ಧ ಬರೆದು ನಿಂತಿತ್ತು. ದೂರದಿಂದಲೇ ರೀಬೂಟ್ ಕೊಟ್ಟೆ, ಕರ್ನಲ್ ಪ್ಯಾನಿಕ್, ಸರ್ವರ್ ಏಳಲೇ ಇಲ್ಲ. ರಾತ್ರಿ ಹತ್ತಕ್ಕೆ ಸುರಿವ ಮಳೆಯಲ್ಲಿ ಮುಳ್ಳೇರಿಯದಿಂದ ಬೈಕ್ ಹಿಡಿದೆ. ಅಂದಿನಿಂದ, ಒಂದೇ ಸಲಕ್ಕೆ ಮಾತ್ರ ಹೊಸದನ್ನು ಆರಿಸುವ ಗ್ರಬ್-ರೀಬೂಟ್ ಇಲ್ಲದೆ ಹೊಸ ಕರ್ನಲ್ ಎಬ್ಬಿಸುವುದಿಲ್ಲ. ಕರ್ನಲ್‌ನ ಬೂಟ್ ಸಾಲಿಗೆ ಪ್ಯಾನಿಕ್=30 ಸೇರಿಸಿದರೆ, ಬಿದ್ದರೂ ಅರ್ಧ ನಿಮಿಷದಲ್ಲಿ ತಾನಾಗಿ ಹಳೆಯದಕ್ಕೆ ಬರುತ್ತದೆ.

ಐದನೆಯದು ಹತ್ತಿತು. ಕಂಪೈಲರ್ ಅದೇ ಆವೃತ್ತಿ, ಕಾನ್ಫಿಗ್ ಅದೇ, ಕರ್ನಲ್ ಹೆಸರಿನ ಕೊನೆಗೆ ಒಂದು ಪ್ಲಸ್ ಕೂಡ ಹೆಚ್ಚಿರಬಾರದು. ಪೂರ್ತಿ ಕಟ್ಟುವ ಮೊದಲೇ ಸಿಆರ್‌ಸಿ ತಾಳೆ ನೋಡುವ ಸ್ಕ್ರಿಪ್ಟ್ ಒಂದು ನನ್ನ ಹತ್ತಿರ ಉಂಟು. ಅದನ್ನು ಇಲ್ಲಿ ಕೊಡುವುದಿಲ್ಲ, ನನ್ನ ಊಟ ಅದರಲ್ಲೇ. ಅದೇ ದರಪಟ್ಟಿ, ಅದೇ ಲಾಗಿನ್, ಈ ಸಲ ಒಂದಕ್ಷರ ಅಲುಗಲಿಲ್ಲ. ತೂಕವೂ ಸರಿಯಾಗಿ ಬಂತು.

ಸಿಕ್ಕಿದ್ದು ಆರು ಸಾವಿರ. ಪೆಟ್ರೋಲ್, ಹೊಸ ಡಿಸ್ಕ್ ಕಳೆದರೆ ಎರಡೂವರೆ ಉಳಿದಿರಬಹುದು. 2024ರಲ್ಲಿ ಎನ್‌ಎಫ್ ಟೇಬಲ್ಸ್‌ನ (ಕರ್ನಲ್‌ನ ಫೈರ್‌ವಾಲ್ ಭಾಗ) ತೂತು ಬಂದಾಗ ಮೊದಲು ಅದಕ್ಕೆ ದಾರಿಯಾಗಿದ್ದ ಯೂಸರ್ ನೇಮ್‌ಸ್ಪೇಸ್ ಸೌಲಭ್ಯ ಮುಚ್ಚಿದೆ, ಆಮೇಲೆ ಇದೇ ರೀತಿ ಪ್ಯಾಚ್. ಆಗ ಒಂದೇ ದಿನ ಸಾಕಾಯಿತು, ಮೂರು ಸಾವಿರ ತೆಗೆದುಕೊಂಡೆ.