ಡಸ್ಟರ್, ಲೋಗನ್‌ಗೆ ಸ್ಪೇರ್ ಹುಡುಕುವಾಗ ‘ಡಾಚಿಯಾ’ ಹೆಸರು ನೆನಪಿರಲಿ

ಬೆಂಗಳೂರಿನ ರಸ್ತೆಗಳಲ್ಲಿ ಇನ್ನೂ ಓಡುತ್ತಿರುವ ಹಳೆಯ ಡಸ್ಟರ್‌ನ ಮೂತಿಯ ಮೇಲೆ ರೆನೋ ಲಾಂಛನವಿದ್ದರೂ ಅದರ ತವರು ರೊಮೇನಿಯಾದ ಡಾಚಿಯಾ (Dacia) ಎಂಬ ಕಾರು ಕಂಪನಿ. 2007ರ ಮಹೀಂದ್ರಾ-ರೆನೋ ಲೋಗನ್, ಆಮೇಲೆ ಹೆಸರು ಬದಲಿಸಿಕೊಂಡ ವೆರಿಟೊ, 2015ರ ಲಾಡ್ಜಿ, ಎಲ್ಲವೂ ಅದೇ ಮನೆಯವು. ನಿಸಾನ್ ಟೆರಾನೊ ಡಸ್ಟರ್‌ನ ಸೋದರ. ಇಲ್ಲಿನ ಕೌಂಟರಿನಲ್ಲಿ ‘ಸ್ಟಾಕ್ ಇಲ್ಲ ಸಾರ್’ ಅಂದ ಸಾಮಾನು ಡಾಚಿಯಾ ಕ್ಯಾಟಲಾಗಿನಲ್ಲಿ ಸಿಗುವುದುಂಟು.

ಡಾಚಿಯಾ ಎಂಬುದು ಇಂದಿನ ರೊಮೇನಿಯಾ ಇರುವ ಸೀಮೆಯ ಪುರಾತನ ಹೆಸರು. ಅಲ್ಲಿನ ದೊರೆ ಡೆಸೆಬಾಲಸ್‌ನನ್ನು ಸೋಲಿಸಿ ರೋಮ್‌ನ ಚಕ್ರವರ್ತಿ ಟ್ರಾಜನ್ 106ರಲ್ಲಿ ಅದನ್ನು ತನ್ನ ಪ್ರಾಂತ್ಯವಾಗಿಸಿಕೊಂಡ. 1966ರಲ್ಲಿ ಶುರುವಾದ ಕಾರು ಕಂಪನಿಗೆ ಅದೇ ಹೆಸರು ಬಂತು. ನಮ್ಮಲ್ಲಿ ಯಾರಾದರೂ ಕಾರಿಗೆ ‘ಗಂಗವಾಡಿ’ ಅಂತ ಹೆಸರಿಟ್ಟ ಹಾಗೆ. ರೆನೋ ವಿನ್ಯಾಸಗಳನ್ನು ತಯಾರಿಸುತ್ತಲೇ ಶುರುವಾದ ಈ ಕಂಪನಿಯನ್ನು 1999ರಲ್ಲಿ ರೆನೋ ಕೊಂಡಿತು. ಹಾಗಾಗಿ ಪಾರ್ಟ್ ನಂಬರ್‌ಗಳೂ ರೆನೋದವೇ.

ಮೊದಲು ನಂಬರ್, ಆಮೇಲೆ ಅಂಗಡಿ

ಆರ್‌ಸಿಯಲ್ಲಿರುವ 17 ಅಕ್ಷರಗಳ ಚಾಸಿ ನಂಬರ್ ಬರೆದುಕೊಳ್ಳಿ. ರೊಮೇನಿಯಾದಲ್ಲಿ ತಯಾರಾದ ಡಾಚಿಯಾಗಳದ್ದು ‘ಯುಯು1’ ಎಂದು ಶುರುವಾದರೆ ಚೆನ್ನೈನ ಡಸ್ಟರ್‌ನದ್ದು ‘ಎಂಇಇ’. ಯುರೋಪಿನ ವೆಬ್‌ಸೈಟ್ ನಮ್ಮ ನಂಬರನ್ನು ಗುರುತಿಸದಿದ್ದರೆ ಎಂಜಿನ್ ಕೋಡ್ ಹಿಡಿದು ಹುಡುಕಿ. 1461 ಸಿಸಿ ಡೀಸೆಲ್ ಎಂಜಿನ್ನಿನ ಕೋಡ್ ಕೆ9ಕೆ, ಅದರ ಮುಂದೆ ಮೂರು ಅಂಕಿಗಳಿರುತ್ತವೆ. ಆ ಮೂರು ಅಂಕಿ ಬಿಟ್ಟರೆ ಕೆಲಸ ಕೆಟ್ಟಂತೆ: ಕೆಲವು ಕೆ9ಕೆಗಳಿಗೆ ಡೆಲ್ಫಿ ಕಂಪನಿಯ ಇಂಜೆಕ್ಟರ್ (ಡೀಸೆಲ್ ಚಿಮ್ಮಿಸುವ ಭಾಗ), ಕೆಲವಕ್ಕೆ ಸೀಮೆನ್ಸ್‌ನದ್ದು, ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಹೊಸ ಇಂಜೆಕ್ಟರ್ ಹಾಕಿದ ಮೇಲೆ ಅದರ ಮೈಮೇಲಿನ ಕೋಡನ್ನು ಸ್ಕ್ಯಾನರ್‌ನಿಂದ ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿಗೆ, ಅಂದರೆ ಇಸಿಯುಗೆ, ತುಂಬಿಸಬೇಕು. ತುಂಬಿಸದಿದ್ದರೆ ಎಂಜಿನ್ ಬಡಿದುಕೊಳ್ಳುತ್ತದೆ, ಹೊಗೆ ಉಗುಳುತ್ತದೆ.

ಜನ ಹೆಚ್ಚು ಎಡವುವುದು ವರ್ಷದ ಲೆಕ್ಕದಲ್ಲಿ. ಯುರೋಪಿನಲ್ಲಿ 2018ರಿಂದ ಎರಡನೇ ತಲೆಮಾರಿನ ಡಸ್ಟರ್ ಬಂತು. ನಮ್ಮಲ್ಲಿ 2012ರಿಂದ 2022ರವರೆಗೂ ಮಾರಿದ್ದು ಮೊದಲನೆಯದನ್ನೇ. ನಿಮ್ಮ ಗಾಡಿ 2019ರದ್ದಾದರೂ ಬಾಡಿ ಸಾಮಾನಿಗೆ ಕ್ಯಾಟಲಾಗಿನಲ್ಲಿ 2010–2017ರ ಮಾದರಿಯನ್ನೇ ಆರಿಸಿ.

ಇನ್ನು ಎಡ-ಬಲದ ವಿಷಯ. ಆಯಿಲ್ ಫಿಲ್ಟರ್, ಟೈಮಿಂಗ್ ಕಿಟ್, ಎಂಜಿನ್ ಮೌಂಟ್, ಸೆನ್ಸರ್‌ಗಳಿಗೆ ಸ್ಟೀರಿಂಗ್ ಯಾವ ಕಡೆಗಿದ್ದರೂ ನಡೆಯುತ್ತದೆ. ಹೆಡ್‌ಲೈಟ್, ಸ್ಟೀರಿಂಗ್ ರ‍್ಯಾಕ್, ವೈಪರ್, ಡ್ಯಾಶ್‌ಬೋರ್ಡ್ ಮಾತ್ರ ಸ್ಟೀರಿಂಗ್ ಎಡಕ್ಕಿರುವ ಯುರೋಪಿನ ಗಾಡಿಗಳದ್ದು ತರಿಸಬೇಡಿ. ಅಲ್ಲಿನ ಹೆಡ್‌ಲೈಟಿನ ಬೆಳಕು ಎದುರು ಬರುವವರ ಕಣ್ಣಿಗೇ ಬೀಳುತ್ತದೆ. ಇವಕ್ಕೆ ಬ್ರಿಟನ್ನಿನ ಡಾಚಿಯಾ ಡಸ್ಟರ್ ನೋಡಿ. ಅಲ್ಲಿಯೂ ಸ್ಟೀರಿಂಗ್ ಬಲಕ್ಕೇ.

ಜೆಸಿ ರೋಡಿನಲ್ಲಿ

ಬೆಂಗಳೂರಿನ ಈ ಸ್ಪೇರ್ ಅಂಗಡಿಗಳ ಬೀದಿಯಲ್ಲಿ ಡಾಚಿಯಾ ಅಂದರೆ ಮುಖ ನೋಡುತ್ತಾರೆ. ‘ಡಸ್ಟರ್ 85’ ಅಥವಾ ‘110’ ಎಂದು, ಅಂದರೆ ಡೀಸೆಲ್ ಎಂಜಿನ್ನಿನ ಅಶ್ವಶಕ್ತಿ ಹೇಳಿ ಕೇಳಿ. 85ಕ್ಕೆ ಐದು ಗೇರ್, 110ಕ್ಕೆ ಆರು, ಕ್ಲಚ್ ಕೇಳುವಾಗ ಇದನ್ನು ಹೇಳಲೇಬೇಕು. ಹಳೆಯ ಸಾಮಾನಿನ ಮೇಲಿನ ಹತ್ತಂಕಿ ನಂಬರಿನ ಫೋಟೊ ಜೊತೆಗಿರಲಿ. ಕೊನೆಗೆ ‘ಆರ್’ ಇದ್ದರೆ ಅದನ್ನೂ ಸೇರಿಸಿ ಓದಿ. ಅಲಾಯ್ ವೀಲ್ ಕೊಳ್ಳುವಾಗ ಬೋಲ್ಟ್ ಎಷ್ಟು, ಅವು ಕೂರುವ ವೃತ್ತದ ವ್ಯಾಸ ಎಷ್ಟು ಮಿ.ಮೀ. ಎಂದು ನೋಡಿ: ಡಸ್ಟರ್‌ಗೆ 5×114.3, ಲೋಗನ್‌ಗೆ 4×100. ಒಂದೇ ಮನೆಯವೆಂದು ಅದಲುಬದಲು ಮಾಡಲಾಗದು. ಗುಜರಿಯಿಂದ ಡೋರ್ ಹ್ಯಾಂಡಲ್, ಕನ್ನಡಿ ತಂದರೆ ಅಡ್ಡಿಯಿಲ್ಲ. ಬೆಲ್ಟ್, ಬೇರಿಂಗ್ ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ.

ಟೈಮಿಂಗ್ ಬೆಲ್ಟ್

ವಾಲ್ವ್ ತೆರೆಯುವ ಕ್ಯಾಮ್, ಪಿಸ್ಟನ್ ಜೋಡಿಸಿದ ಕ್ರ್ಯಾಂಕ್ ಎರಡನ್ನೂ ಒಂದೇ ಲಯದಲ್ಲಿ ತಿರುಗಿಸುವ ಈ ಬೆಲ್ಟನ್ನು ಮ್ಯಾನ್ಯುಯಲ್ಲಿನ ಅವಧಿಗಿಂತ ಮೊದಲೇ ಬದಲಿಸಿದರೆ ನಷ್ಟವಿಲ್ಲ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಕಿಲೋಮೀಟರ್ ಕೂಡದೆ ಎಂಜಿನ್ ಗಂಟೆಗಟ್ಟಲೆ ಓಡುತ್ತಿರುತ್ತದಲ್ಲ, 80,000 ಕಿ.ಮೀ. ಅಥವಾ 5 ವರ್ಷ, ಯಾವುದು ಮೊದಲೋ ಆಗ ಬದಲಿಸುವುದು ಕ್ಷೇಮ. ಕೆ9ಕೆಯಲ್ಲಿ ವಾಟರ್ ಪಂಪನ್ನೂ ಇದೇ ಬೆಲ್ಟ್ ತಿರುಗಿಸುವುದರಿಂದ ಬೆಲ್ಟ್, ಟೆನ್ಷನರ್, ವಾಟರ್ ಪಂಪ್, ಕ್ರ್ಯಾಂಕ್ ಪುಲ್ಲಿಯ ಹೊಸ ಬೋಲ್ಟ್ ಒಟ್ಟಿಗೇ ತನ್ನಿ. ಹೊರಗಿನ ಆಲ್ಟರ್ನೇಟರ್ ಬೆಲ್ಟನ್ನು ಮರೆಯಬೇಡಿ: ಅದು ಎಳೆ ಬಿಟ್ಟರೆ ಆ ದಾರ ಪುಲ್ಲಿಗೆ ಸುತ್ತಿಕೊಂಡು ಟೈಮಿಂಗ್ ಕವರ್ ಒಳಗೆ ನುಗ್ಗುತ್ತದೆ. ಬೆಲ್ಟ್ ಜಾರಿದರೆ ವಾಲ್ವ್ ಪಿಸ್ಟನ್‌ಗೆ ಬಡಿದು ಹೆಡ್ ಬಿಚ್ಚುವ ಕೆಲಸ ಬೀಳುತ್ತದೆ. ಕ್ಯಾಮ್, ಕ್ರ್ಯಾಂಕ್ ಎರಡನ್ನೂ ಪಿನ್ ಹಾಕಿ ನಿಲ್ಲಿಸದೆ ಪೇಂಟ್ ಗುರುತಿನಲ್ಲೇ ಮುಗಿಸುತ್ತೇನೆನ್ನುವ ಮೆಕ್ಯಾನಿಕ್‌ಗೆ ಗಾಡಿ ಕೊಡಬೇಡಿ.

ಆಯಿಲ್

ಕೆ9ಕೆ ಎಂಜಿನ್ನಿಗೆ ಫಿಲ್ಟರ್ ಸಮೇತ ಸುಮಾರು 4.5 ಲೀಟರ್ ಆಯಿಲ್ ಬೇಕು. ಡ್ರೈನ್ ಪ್ಲಗ್ ಬಿಚ್ಚಲು 8 ಮಿ.ಮೀ. ಚೌಕದ ಕೀ ಬೇಕು. ಸಿಕ್ಕಿದ ಅಲೆನ್ ಕೀ ತೂರಿಸಿದರೆ ಪ್ಲಗ್ಗಿನ ಅಂಚು ಸವೆದು ಮುಂದಿನ ಸಲ ಬಿಚ್ಚಲು ಬರುವುದಿಲ್ಲ. ವಾಷರ್ ಪ್ರತಿ ಸಲ ಹೊಸದು ಹಾಕಿಸಿ. ಈ ಎಂಜಿನ್ನಿನಲ್ಲಿ ಆಯಿಲ್ ಬದಲಿಸುವುದು ತಡವಾದರೆ ಮೊದಲು ಸವೆಯುವುದು ಕನೆಕ್ಟಿಂಗ್ ರಾಡ್ ಬೇರಿಂಗ್, ಅದರ ಸದ್ದು ಕೇಳಿಸುವ ಹೊತ್ತಿಗೆ ಕ್ರ್ಯಾಂಕಿಗೂ ಗೀರು ಬಿದ್ದಿರುತ್ತದೆ.