ಹೊಲಿಗೆ ಮಿಷನಿನ ಚಕ್ರದಿಂದ ಸ್ಕಾಟ್ ಸಾಹೇಬನ ‘ಡಾಟರ್’ ಮಾಡುವ ಕ್ರಮ

ನಮ್ಮ ಕಾಸರಗೋಡಿನ ಬದಿಯಡ್ಕದ ಕಡೆ ದೋಟಿಯಲ್ಲಿ, ಅಂದರೆ ತುದಿಗೆ ಕತ್ತಿ ಕಟ್ಟಿದ ಉದ್ದ ಕೋಲಿನಲ್ಲಿ, ಅಡಿಕೆ ಕೊಯ್ಯುವವರನ್ನು ಒಮ್ಮೆ ನಿಂತು ನೋಡಿ. ಗಾಳಿಗೆ ಮರದ ತಲೆ ಓಲಾಡುತ್ತಿರುತ್ತದೆ. ಹೊಸಬನಾದರೆ ದೋಟಿಯನ್ನು ಒಂದೇ ಕಡೆ ಹಿಡಿದು, ಗೊನೆ ಕತ್ತಿಯ ಬಾಯಿಗೆ ಬರಲಿ ಎಂದು ಕಾಯುತ್ತಾನೆ. ಬಂತು ಎಂದು ಎಳೆಯುವಷ್ಟರಲ್ಲಿ ಗೊನೆ ಆಚೆ ಹೋಗಿರುತ್ತದೆ. ಪಳಗಿದವನು ಕಾಯುವುದೇ ಇಲ್ಲ. ಮರದ ಜೊತೆಗೇ ದೋಟಿಯನ್ನೂ ಓಲಾಡಿಸುತ್ತಾ, ಕತ್ತಿಯನ್ನು ಗೊನೆಯ ಬುಡದಿಂದ ಬಿಡದೆ, ತನಗೆ ಬೇಕಾದಾಗ ಎಳೆಯುತ್ತಾನೆ.

ಇಷ್ಟನ್ನೇ ಬ್ರಿಟಿಷ್ ನೌಕಾಪಡೆಯ ಗನ್ನರಿ, ಅಂದರೆ ತೋಪು ಹಾರಿಸುವ ವಿದ್ಯೆಯಲ್ಲಿ ಪಳಗಿದ ಆಫೀಸರ್ ಪರ್ಸಿ ಸ್ಕಾಟ್ 1898ರಲ್ಲಿ ‘ಸಿಲ್ಲಾ’ ಎಂಬ ಹಡಗಿನಲ್ಲಿ ಕಂಡುಕೊಂಡದ್ದು. ಅಲ್ಲಿಯವರೆಗೆ ಹಡಗಿನ ಗನ್ನರುಗಳು ಹೊಸ ಕೊಯ್ಲಿನವನ ಹಾಗೆಯೇ ಇದ್ದರು: ತೋಪನ್ನು ಒಂದೇ ಎತ್ತರದಲ್ಲಿ ಇಟ್ಟುಕೊಂಡು, ಹಡಗು ವಾಲಿ ಗುರಿ ಎದುರಿಗೆ ಬಂದಾಗ ಹಾರಿಸುವುದು. ಒಬ್ಬ ಗನ್ನರ್ ಮಾತ್ರ, ತನಗೇ ಗೊತ್ತಿಲ್ಲದಂತೆ, ತೋಪನ್ನು ಏರಿಸಿ ಇಳಿಸುವ ಚಕ್ರವನ್ನು ಹಡಗಿನ ಹೊಯ್ದಾಟಕ್ಕೆ ಸರಿಯಾಗಿ ತಿರುಗಿಸುತ್ತಿದ್ದನ್ನು ಸಾಹೇಬ ಗಮನಿಸಿದ. ಉಳಿದವರಿಗೂ ಇದನ್ನು ಕಲಿಸಬೇಕಲ್ಲ? ಮದ್ದುಗುಂಡು ಖರ್ಚಾಗದೆ ಕಲಿಸಲು ಮಾಡಿದ ಯಂತ್ರವೇ ಡಾಟರ್, ಅಂದರೆ ಚುಕ್ಕಿ ಇಡುವ ಯಂತ್ರ. ತೋಪಿನ ಎದುರು ಪುಟ್ಟ ಗುರಿಯೊಂದು ಮೇಲೆ ಕೆಳಗೆ ಹೋಗುತ್ತದೆ. ಗನ್ನರ್ ಅದನ್ನು ದುರ್ಬೀನಿನಲ್ಲಿ ಹಿಂಬಾಲಿಸಿ ಕುದುರೆ (ಟ್ರಿಗರ್) ಒತ್ತಿದರೆ ಗುಂಡಿನ ಬದಲು ಪೆನ್ಸಿಲು ಕಾಗದದ ಮೇಲೆ ಚುಕ್ಕಿ ಇಡುತ್ತದೆ.

ನಾನು ನೇವಿಯಲ್ಲಿ ಗನ್ನರಿ ವಿಭಾಗದಲ್ಲಿದ್ದು ನಿವೃತ್ತನಾದವನು. ಮೊಮ್ಮಗಳು ಕಳೆದ ವರ್ಷ ಉಪಜಿಲ್ಲಾ ಶಾಸ್ತ್ರಮೇಳದ, ಅಂದರೆ ಶಾಲಾ ವಿಜ್ಞಾನ ಮೇಳದ, ವರ್ಕಿಂಗ್ ಮಾಡೆಲ್‌ಗೆ ಹೆಸರು ಕೊಟ್ಟು ಬಂದು, “ಅಜ್ಜ, ಜ್ವಾಲಾಮುಖಿ ಬೇಡ, ಅದು ಎಲ್ಲರೂ ತರ್ತಾರೆ” ಎಂದಳು. ಹಾಗೆ ಹಟ್ಟಿಯ ಜಗಲಿಯಲ್ಲಿ ಇದನ್ನು ಮಾಡಿದೆವು. ಎರಡು ಸಲ ಕೆಟ್ಟು ಮೂರನೆಯದಕ್ಕೆ ಸರಿಯಾಯಿತು. ಕೆಟ್ಟದ್ದು ಯಾಕೆ ಎನ್ನುವುದನ್ನೂ ಹೇಳುತ್ತೇನೆ, ನಿಮ್ಮ ಎರಡು ಭಾನುವಾರ ಉಳಿದೀತು.

ಮೊದಲು ಗುರಿ. ಒಂದು ಅಡಿ ಎತ್ತರ, ಅರ್ಧ ಅಡಿ ಅಗಲದ ಪ್ಲೈವುಡ್ ತುಂಡು ಬೇಕು. ಇದು ಸರಾಗ ಮೇಲೆ ಕೆಳಗೆ ಜಾರಬೇಕು. ಕಿಟಕಿ ಮಾಡುವ ಅಂಗಡಿಯಲ್ಲಿ ಅಲ್ಯೂಮಿನಿಯಂ ಚಾನೆಲಿನ ತುಂಡು ಕೇಳಿದರೆ ಸುಮ್ಮನೆ ಕೊಡುತ್ತಾರೆ. ಎರಡು ಚಾನೆಲನ್ನು ನೆಟ್ಟಗೆ ನಿಲ್ಲಿಸಿ, ಪ್ಲೈವುಡ್ಡಿನ ಅಂಚಿಗೆ ಮೇಣದಬತ್ತಿ ಉಜ್ಜಿ ಒಳಗೆ ಇಳಿಸಿ. ಎಣ್ಣೆ ಹಾಕಬೇಡಿ, ಕಾಗದ ಹಾಳಾಗುತ್ತದೆ. ಕೆಳಗೆ ಹಳೆಯ ಕಾಲ್ಮೆಟ್ಟಿನ ಹೊಲಿಗೆ ಮಿಷನಿನ ದೊಡ್ಡ ಚಕ್ರ. ಅದರ ನಡುವಿನಿಂದ 6 ಸೆಂಟಿಮೀಟರ್ ದೂರದಲ್ಲಿ ಒಂದು ಬೋಲ್ಟು. ಬೋಲ್ಟಿಗೂ ಪ್ಲೈವುಡ್ಡಿನ ಬುಡಕ್ಕೂ ನಡುವೆ ಅಡಿಕೆ ಮರದ ಸೀಳೊಂದನ್ನು ಎರಡೂ ತುದಿಗೆ ತೂತು ಮಾಡಿ ಸಡಿಲವಾಗಿ ಕೂರಿಸಿ. ಚಕ್ರ ಒಂದು ಸುತ್ತು ಬಂದರೆ ಗುರಿ 12 ಸೆಂಟಿಮೀಟರ್ ಏರಿ ಇಳಿಯುತ್ತದೆ.

ಮೆಟ್ಟು ತುಳಿಯಬೇಡಿ. ನಾವು ಮೊದಲ ಸಲ ತುಳಿದೆವು. ಗುರಿ ಚಾನೆಲಿನಿಂದ ಹಾರಿ ಬೆಕ್ಕಿನ ಮೇಲೆ ಬಿತ್ತು. ಚಕ್ರವನ್ನು ಕೈಯಲ್ಲೇ ತಿರುಗಿಸಿ, ಒಂದು ಸುತ್ತಿಗೆ 8 ಸೆಕೆಂಡು. ತಿರುಗಿಸುವವರು ನಡುನಡುವೆ ಸ್ವಲ್ಪ ಬೇಗ, ಸ್ವಲ್ಪ ನಿಧಾನ ಮಾಡಬೇಕು. ಇಲ್ಲವಾದರೆ ಮಕ್ಕಳು ತಾಳ ಹಿಡಿದುಬಿಡುತ್ತಾರೆ, ಕಡಲು ಹಾಗೆ ಯಾರಿಗೂ ತಾಳ ಕೊಡುವುದಿಲ್ಲ.

ಇನ್ನು ತೋಪು. 80 ಸೆಂಟಿಮೀಟರ್ ಉದ್ದದ ಮರದ ರೀಪು (ಪಟ್ಟಿ) ಸಾಕು. ಹಿಂದಿನ ತುದಿಗೆ ಬೋಲ್ಟು ಹಾಕಿ ಕಂಬಕ್ಕೆ ಕೂರಿಸಿ, ಮುಂದಿನ ತುದಿ ಏರಿ ಇಳಿಯುವಂತಿರಲಿ. ಬೋಲ್ಟು ನೋಡುವವರ ಕಣ್ಣಿನ ನೇರ ಕೆಳಗೇ ಬರಬೇಕು, ಆಗ ತೋಪು ಏರಿದರೂ ತಲೆ ಎತ್ತಬೇಕಾಗಿಲ್ಲ. ರೀಪಿನ ಮೇಲೆ ಅರ್ಧ ಇಂಚು ಪಿವಿಸಿ ಪೈಪಿನ ಒಂದು ಗೇಣು, ಅದರ ಮುಂದಿನ ಬಾಯಿಗೆ ಅಡ್ಡ ಉದ್ದ ಎರಡು ಕಪ್ಪು ನೂಲು. ಕಣ್ಣಿನ ಕಡೆಯ ಬಾಯಿಗೆ ಸೈಕಲ್ ಟ್ಯೂಬಿನ ತುಂಡು ಸಿಕ್ಕಿಸಿ. ಇದು ಚಂದಕ್ಕಲ್ಲ. ಪೈಪು ಕಣ್ಣಿಗೆ ಗುದ್ದದಿರಲಿ ಎಂದು.

ರೀಪಿನ ಮುಂದಿನ ತುದಿಯಲ್ಲಿ, ಪೈಪಿನ ಮಟ್ಟದಿಂದ ಸರಿಯಾಗಿ 5 ಸೆಂಟಿಮೀಟರ್ ಕೆಳಗೆ ಒಂದು ಬಿಜಾಗ್ರಿ, ಅದಕ್ಕೆ ಸ್ಕೆಚ್ ಪೆನ್ನು ಕಟ್ಟಿ. ಸೈಕಲ್ ಬ್ರೇಕಿನ ಕೇಬಲ್ ಅದನ್ನು ಮುಂದಕ್ಕೆ ಎಳೆಯಲಿ, ರಬ್ಬರ್ ಬ್ಯಾಂಡ್ ಹಿಂದಕ್ಕೆ ತರಲಿ. ಬ್ರೇಕಿನ ಹಿಡಿಯೇ ಕುದುರೆ. ಸಾಹೇಬನದರಲ್ಲಿ ಈ ಕೆಲಸ ವಿದ್ಯುತ್ತಿನದು, ನಮ್ಮದರಲ್ಲಿ ಎಡಗೈಯದು. ಗುರಿಯ ಕಾಗದದಲ್ಲಿ 2 ಸೆಂಟಿಮೀಟರ್ ಅಗಲದ ವೃತ್ತ ಬರೆದು, ಅದರ 5 ಸೆಂಟಿಮೀಟರ್ ಕೆಳಗೆ ಅಂಥದೇ ಇನ್ನೊಂದು. ನೋಡುವುದು ಮೇಲಿನದನ್ನು, ಚುಕ್ಕಿ ಬೀಳುವುದು ಕೆಳಗಿನದಕ್ಕೆ. ಆಟ ಶುರುಮಾಡುವ ಮೊದಲು ಚಕ್ರ ನಿಲ್ಲಿಸಿ ಒಂದು ಚುಕ್ಕಿ ಇಟ್ಟು ನೋಡಿ. ನಡುವಿಗೆ ಬೀಳದಿದ್ದರೆ ಪೆನ್ನಿನ ಅಡಿಗೆ ಕಾಗದ ಮಡಚಿ ಇಟ್ಟು ಸರಿಮಾಡಿ.

ನಾವು ಎರಡನೆಯ ಸಲ ಸೋತದ್ದು ಏರಿಸುವ ಚಕ್ರದಲ್ಲಿ. ರೀಪಿನ ತುದಿಗೆ ಮೇಸ್ತ್ರಿಗಳು ಮಟ್ಟ ಹಿಡಿಯುವ ನೂಲು ಕಟ್ಟಿ, ಮೇಲೊಂದು ಸಣ್ಣ ರಾಟೆಯ ಮೇಲಿನಿಂದ ತಂದು, ಬಲಗೈ ಪಕ್ಕದ ಕೋಲಿಗೆ ಸುತ್ತಿದ್ದೆವು. ಕೋಲು ಪೆನ್ಸಿಲಿಗಿಂತ ಸ್ವಲ್ಪ ದಪ್ಪ, 1 ಸೆಂಟಿಮೀಟರ್. 12 ಸೆಂಟಿಮೀಟರ್ ನೂಲು ಎಳೆಯಲು ಸುಮಾರು ನಾಲ್ಕು ಸುತ್ತು, ಅದೂ 4 ಸೆಕೆಂಡಿನೊಳಗೆ! ಬಾವಿಯಿಂದ ನೀರು ಸೇದಿದ ಹಾಗೆ ತಿರುಗಿಸಿ ಹುಡುಗಿಯ ಕೈ ಸೋತಿತು, ಗುರಿ ಮಾತ್ರ ಸದಾ ಮುಂದೆ. ಕೋಲಿಗೆ 4 ಸೆಂಟಿಮೀಟರ್ ದಪ್ಪದ ಮರದ ಉರುಟು ತೊಡಿಸಿದ ಮೇಲೆ ಒಂದೇ ಸುತ್ತಿಗೆ ಕೆಲಸ ಮುಗಿಯಿತು. ಬುದ್ಧಿ ಮಾತ್ರ ಇದ್ದರೆ ಸಾಲದು, ಗೇರೂ ಕೈಗೆ ಒದಗಬೇಕು. ಹಡಗಿನಲ್ಲೂ ಸಾಹೇಬ ಬದಲಿಸಬೇಕಾದದ್ದರಲ್ಲಿ ಈ ಗೇರೂ ಒಂದು.

ಈಗ ಮಕ್ಕಳನ್ನು ಕೂರಿಸಿ. ಮೊದಲು ಹಳೆಯ ಕ್ರಮ: ತೋಪು ಅಲ್ಲಾಡಿಸದೆ, ವೃತ್ತ ನೂಲಿಗೆ ಬಂದಾಗ ಬ್ರೇಕ್ ಹಿಡಿಯುವುದು, ಹತ್ತು ಸಲ. ಆಮೇಲೆ ಹೊಸ ಕ್ರಮ: ಬಲಗೈಯ ಉರುಟು ತಿರುಗಿಸುತ್ತಾ ಪೈಪಿನ ನೂಲನ್ನು ವೃತ್ತದಿಂದ ಬಿಡದೆ, ಹತ್ತು ಸಲ. ಮೊಮ್ಮಗಳಿಗೆ ಮೊದಲು ಬಂದದ್ದು ಎರಡು, ಮತ್ತೆ ಬಂದದ್ದು ಏಳು. ಕಾರಣವನ್ನು ಲೆಕ್ಕದಲ್ಲೇ ತೋರಿಸಬಹುದು. ನಡುವಿನಲ್ಲಿ ಗುರಿಯ ವೇಗ ಸೆಕೆಂಡಿಗೆ ಸುಮಾರು 4.7 ಸೆಂಟಿಮೀಟರ್. ಕಣ್ಣು ಕಂಡು ಕೈ ಒತ್ತಲು ಕಾಲು ಸೆಕೆಂಡು ಹಿಡಿದರೂ ಗುರಿ 1.2 ಸೆಂಟಿಮೀಟರ್ ಸರಿದಿರುತ್ತದೆ, ಚುಕ್ಕಿ ವೃತ್ತದ ಹೊರಗೆ. ಕಡಲಿನಲ್ಲಾದರೆ 1,500 ಗಜ ದೂರಕ್ಕೆ ಒಂದು ಡಿಗ್ರಿ ತಪ್ಪು ಅಂದರೆ ಗುಂಡು 26 ಗಜ ಮೇಲೆ, ಇಲ್ಲವೇ ಕೆಳಗೆ.

ಪಕ್ಕದ ಚಾರ್ಟಿನಲ್ಲಿ ಸಾಹೇಬನ ಜಾತಕ ಪೂರ್ತಿ ಬರೆಯಬೇಡಿ, ಯಾರೂ ಓದುವುದಿಲ್ಲ. 1853ರಲ್ಲಿ ಹುಟ್ಟಿ 1866ರಲ್ಲಿ ನೌಕಾಪಡೆ ಸೇರಿದ, ಅಂದರೆ ನಮ್ಮ ಏಳನೇ ಕ್ಲಾಸಿನ ಮಕ್ಕಳ ಪ್ರಾಯ. ಮಕ್ಕಳಿಗೆ ಹಿಡಿಸುವುದು ಇದು. 1899ರ ಸ್ಪರ್ಧೆಯಲ್ಲಿ ಸಿಲ್ಲಾ ಹಾರಿಸಿದ್ದು 70, ತಾಗಿದ್ದು 56. ಇದನ್ನು ದೊಡ್ಡ ಅಕ್ಷರದಲ್ಲಿ ಬರೆಯಿರಿ. ಅದೇ ವರ್ಷ ‘ಟೆರಿಬಲ್’ ಹಡಗಿನ ಕ್ಯಾಪ್ಟನ್ ಆಗಿ ದಕ್ಷಿಣ ಆಫ್ರಿಕಾಕ್ಕೆ ಹೋಗಿ, ಹಡಗಿನ 4.7 ಇಂಚಿನ ತೋಪುಗಳನ್ನು ನೆಲದ ಮೇಲೆ ಕೂರಿಸುವ ಕಟ್ಟನ್ನು ಸೈಮನ್ಸ್‌ಟೌನಿನಲ್ಲಿ ಕೆಲವೇ ದಿನಗಳಲ್ಲಿ ಮಾಡಿಸಿ, ಬೋಯರ್ ಯುದ್ಧ ನಡೆಯುತ್ತಿದ್ದ ಲೇಡಿಸ್ಮಿತ್ತಿಗೆ ಕಳುಹಿಸಿದ. ಮುಂದೆ ಪೋರ್ಟ್ಸ್‌ಮತ್ತಿನ ಗನ್ನರಿ ಶಾಲೆ ‘ಎಕ್ಸಲೆಂಟ್’ನ ಮುಖ್ಯಸ್ಥ, 1905ರಿಂದ ಇಡೀ ನೌಕಾಪಡೆಯ ಗುರಿ ಅಭ್ಯಾಸದ ಇನ್ಸ್‌ಪೆಕ್ಟರ್. 1907ರಲ್ಲಿ, ಜರ್ಮನಿಯ ಚಕ್ರವರ್ತಿ ಕೈಸರ್ ಬರುತ್ತಾನೆಂದು ಹಡಗುಗಳಿಗೆ ಬಣ್ಣ ಬಳಿಯಲು ಹುಕುಂ ಬಂದಾಗ, ಗನ್ನರಿಗಿಂತ ಬಣ್ಣಕ್ಕೇ ಬೇಡಿಕೆ ಜಾಸ್ತಿ ಕಾಣುತ್ತದೆ ಎಂಬ ಅರ್ಥದ ಸಂದೇಶ ಕೊಟ್ಟು, ಮೇಲಧಿಕಾರಿ ಬೆರೆಸ್‌ಫರ್ಡ್‌ನಿಂದ ಎಲ್ಲರೆದುರು ಬೈಸಿಕೊಂಡ. ಶಾಲೆಗೆ ಇನ್ಸ್‌ಪೆಕ್ಷನ್ ಇದೆಯೆಂದರೆ ಸುಣ್ಣ ಬಳಿಯುವುದನ್ನು ಕಂಡ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಂದಹಾಗೆ, ಸಾಹೇಬ ಯುದ್ಧಕ್ಕೆ ಹೋದ ಈಜಿಪ್ಟಿನಲ್ಲಿ, ಚೀನಾದಲ್ಲಿ ಬ್ರಿಟಿಷರ ತೋಪುಗಳು ಯಾರ ಮೇಲೆ ಹಾರಿದವು ಎಂದು ಯಾರಾದರೂ ಮಕ್ಕಳು ಕೇಳಿದರೆ ಬಾಯಿ ಮುಚ್ಚಿಸಬೇಡಿ. ಮೊಮ್ಮಗಳು ಕೇಳಿದಳು. ಕೌಶಲ ಅವನದು, ಸಾಮ್ರಾಜ್ಯ ಅವರದು ಎಂದೆ. ಅವಳಿಗೆ ಪೂರ್ತಿ ಒಪ್ಪಿಗೆಯಾದಂತೆ ಕಾಣಲಿಲ್ಲ.

ಕೊನೆಯ ಸಾಲಿಗೆ 1912. ಮೇಲೆ ಗೋಪುರದಲ್ಲಿ ಕುಳಿತ ಒಬ್ಬನೇ ಗುರಿ ಹಿಡಿದು ಎಲ್ಲ ತೋಪುಗಳನ್ನೂ ಒಟ್ಟಿಗೆ ಹಾರಿಸುವ ಸ್ಕಾಟನ ‘ಡೈರೆಕ್ಟರ್’ ಇದ್ದ ‘ಥಂಡರರ್’, ಅದಿಲ್ಲದ ‘ಓರಿಯನ್’ಗಿಂತ ಹಲವು ಪಟ್ಟು ಹೆಚ್ಚು ಹೊಡೆಯಿತು. ನಾನು ಹುಡುಗನಾಗಿ ಸೇರಿದ ಐಎನ್‌ಎಸ್ ಮೈಸೂರು, ಗಂಡಭೇರುಂಡದ ಲಾಂಛನದ ಹಡಗು, 1957ರಲ್ಲಿ ಈ ಹೆಸರು ಪಡೆಯುವ ಮೊದಲು ಬ್ರಿಟಿಷರ ‘ನೈಜೀರಿಯಾ’ ಆಗಿತ್ತು. ಅದರ ಒಂಬತ್ತು 6 ಇಂಚಿನ ತೋಪುಗಳಿಗೂ ಮೇಲೆ ಡೈರೆಕ್ಟರ್ ಇತ್ತು. ಒಂಬತ್ತೂ ಒಟ್ಟಿಗೆ ಹಾರಿದಾಗ ಮೆಸ್ಸಿನ ಚಹಾ ಲೋಟಗಳು ಕಟ್ಟೆಯಿಂದ ಕಾಲು ಇಂಚು ಏಳುತ್ತಿದ್ದವು.

ಮೇಳಕ್ಕೆ ಒಯ್ಯುವಾಗ ನೂಲು ಬಿಚ್ಚಿ, ರೀಪನ್ನು ಬೇರೆ ಕಟ್ಟಿ. ಜೀಪಿನಲ್ಲಿ ಹಾಗೇ ಒಯ್ದರೆ ಬಿಜಾಗ್ರಿ ಬಾಗುತ್ತದೆ. ಐವತ್ತು ಕಾಗದ, ಎರಡು ಸ್ಕೆಚ್ ಪೆನ್ನು, ಒಂದು ಮುಷ್ಟಿ ರಬ್ಬರ್ ಬ್ಯಾಂಡ್ ಜೊತೆಗಿರಲಿ. ತೀರ್ಪುಗಾರರಿಗೆ ವಿವರಣೆ ಕೊಡುವ ಮೊದಲೇ ಪೈಪಿನ ಹಿಂದೆ ಕೂರಿಸಿಬಿಡಿ. ನಮ್ಮಲ್ಲಿಗೆ ಬಂದ ಮಲಯಾಳಂ ಮಾಷ್ಟ್ರು ಕಣ್ಣಿಟ್ಟು, ವೃತ್ತ ಬರಲೆಂದು ಉಸಿರು ಹಿಡಿದು ಕಾದರು. ಐದು ಚುಕ್ಕಿಯೂ ಹೊರಗೆ. “ಸಾರ್, ಕಾಯ್ಬೇಡಿ, ತಿರುಗ್ಸಿ” ಎಂದು ಇವಳು ಕನ್ನಡದಲ್ಲೇ ಹೇಳಿದಳು. ಅವರು ಇನ್ನೊಂದು ಕಾಗದ ಕೇಳಿದರು.