586101: ದೊಡ್ಡ ಸಂಖ್ಯೆಯೊಂದನ್ನು ಬಿಡಿಸಿ ನೋಡುವ ಬಗೆ

ವಿಜಯಪುರದ ಪ್ರಧಾನ ಅಂಚೆ ಕಚೇರಿಯ ಪಿನ್‌ಕೋಡ್ 586101. ವಿಳಾಸದ ಕೊನೆಗೆ ಬರೆಯುವ ಈ ಆರು ಅಂಕಿಗಳನ್ನು ಐದು ಲಕ್ಷ ಎಂಬತ್ತಾರು ಸಾವಿರದ ನೂರಾ ಒಂದು ಎಂದು ಓದಿಕೊಂಡರೆ, ದೊಡ್ಡ ಸಂಖ್ಯೆಯ ಗುಣಗಳನ್ನು ಪತ್ತೆ ಮಾಡುವ ಕ್ರಮವನ್ನು ಕಲಿಯಲು ಸೊಗಸಾದ ಉದಾಹರಣೆ ಸಿಗುತ್ತದೆ. ಪೆನ್ಸಿಲ್ಲು, ಹಾಳೆ ಮತ್ತು ತಾಳ್ಮೆ ಇದ್ದರೆ ಸಾಕು.

ಮೊದಲು ಅಂಕಿಗಳನ್ನು ನೋಡಬೇಕು. ಕೊನೆಯ ಅಂಕಿ 1 ಆದ್ದರಿಂದ ಇದು ಬೆಸ ಸಂಖ್ಯೆ. 2 ಮತ್ತು 5 ಇದನ್ನು ಭಾಗಿಸಲಾರವು. ಅಂಕಿಗಳ ಮೊತ್ತ 21. ಆದ್ದರಿಂದ 3ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ, 9ರಿಂದ ಆಗುವುದಿಲ್ಲ. ಭಾಗಲಬ್ಧ 195367. ಇದು ಸಂಯುಕ್ತ ಸಂಖ್ಯೆ ಎಂಬುದು ಇಲ್ಲಿಗೇ ತೀರ್ಮಾನವಾಯಿತು.

ಎರಡನೆಯದಾಗಿ, ಎಲ್ಲಿಯವರೆಗೆ ಹುಡುಕಬೇಕೆಂಬುದನ್ನು ಗೊತ್ತುಮಾಡಿಕೊಳ್ಳಬೇಕು. ಒಂದು ಸಂಖ್ಯೆಯನ್ನು ಎರಡು ಸಂಖ್ಯೆಗಳ ಗುಣಲಬ್ಧವಾಗಿ ಬರೆದಾಗ ಎರಡೂ ಅದರ ವರ್ಗಮೂಲಕ್ಕಿಂತ ದೊಡ್ಡದಾಗಿರಲು ಸಾಧ್ಯವಿಲ್ಲ. 442ರ ವರ್ಗ 195364. ಹೀಗಾಗಿ 442ನ್ನು ಮೀರದ ಅವಿಭಾಜ್ಯ ಸಂಖ್ಯೆಗಳನ್ನು ಪರೀಕ್ಷಿಸಿದರೆ ಸಾಕು. 3ರಿಂದ ಭಾಗಿಸುವ ಮೊದಲು ಈ ಮಿತಿ 765 ಆಗಿತ್ತು. ಅಪವರ್ತನವೊಂದು ಸಿಕ್ಕ ಕೂಡಲೇ ಭಾಗಲಬ್ಧವನ್ನು ಮಾತ್ರ ಇಟ್ಟುಕೊಂಡು ಮುಂದುವರಿಯಬೇಕೆನ್ನುವುದು ಇದಕ್ಕಾಗಿಯೇ.

7, 11 ಮತ್ತು 13ಕ್ಕೆ ನನಗೆ ಬಹಳ ಪ್ರಿಯವಾದ ಉಪಾಯವೊಂದಿದೆ. ಈ ಮೂರರ ಗುಣಲಬ್ಧ 1001 ಆಗಿರುವುದರಿಂದ, ಸಂಖ್ಯೆಯನ್ನು ಬಲದಿಂದ ಮೂರು ಮೂರು ಅಂಕಿಗಳ ಗುಂಪು ಮಾಡಿ, ಒಂದರಿಂದ ಇನ್ನೊಂದನ್ನು ಕಳೆದರೆ ಮೂರೂ ಪರೀಕ್ಷೆಗಳು ಒಟ್ಟಿಗೆ ಮುಗಿಯುತ್ತವೆ. 367ರಿಂದ 195 ಕಳೆದರೆ 172. ಅದನ್ನು 7 ಆಗಲಿ, 11 ಆಗಲಿ, 13 ಆಗಲಿ ಭಾಗಿಸುವುದಿಲ್ಲ. ಹಾಗಾಗಿ 195367ನ್ನೂ ಭಾಗಿಸುವುದಿಲ್ಲ.

ಅಲ್ಲಿಂದ ಮುಂದೆ ಉಪಾಯವಿಲ್ಲ, ಭಾಗಾಕಾರವೇ ಗತಿ. 17, 19, 23 ಎನ್ನುತ್ತ 73ರವರೆಗೂ ಶೇಷ ಉಳಿಯುತ್ತದೆ. ಆದರೆ 79ಕ್ಕೆ ಬಂದಾಗ ಶೇಷ ಸೊನ್ನೆಯಾಗಿ, ಭಾಗಲಬ್ಧ 2473 ಬರುತ್ತದೆ. 50ರ ವರ್ಗ 2500. ಅದಕ್ಕಿಂತ ಚಿಕ್ಕದಾದ 2473ಕ್ಕೆ ಅಪವರ್ತನವಿದ್ದರೆ 50ರೊಳಗೇ ಇರಬೇಕು, ಆ ಅವಿಭಾಜ್ಯಗಳನ್ನೆಲ್ಲ ಆಗಲೇ ದಾಟಿ ಬಂದಿದ್ದೇವೆ. ಆದ್ದರಿಂದ ಮತ್ತೊಂದು ಭಾಗಾಕಾರವಿಲ್ಲದೆ ಅದು ಅವಿಭಾಜ್ಯವೆಂದು ಸಿದ್ಧವಾಗುತ್ತದೆ. ಇಡೀ ಲೆಕ್ಕದಲ್ಲಿ ಇಷ್ಟು ಚೆಂದದ ಗಳಿಗೆ ಇನ್ನೊಂದಿಲ್ಲ.

ಹೀಗೆ 586101 = 3 × 79 × 2473. ಯಾವ ಅಪವರ್ತನವೂ ಎರಡು ಸಲ ಬಂದಿಲ್ಲ. ಮೂರು ಬೇರೆ ಬೇರೆ ಅವಿಭಾಜ್ಯಗಳ ಗುಣಲಬ್ಧವಾದ ಸಂಖ್ಯೆಗಳ ಗುಂಪಿಗೆ ಇದು ಸೇರುತ್ತದೆ. ಪ್ರತಿ ಅವಿಭಾಜ್ಯವನ್ನು ತೆಗೆದುಕೊಳ್ಳಬಹುದು ಅಥವಾ ಬಿಡಬಹುದಾದ್ದರಿಂದ ಭಾಜಕಗಳು 2 × 2 × 2, ಅಂದರೆ ಎಂಟು: 1, 3, 79, 237, 2473, 7419, 195367 ಮತ್ತು 586101. ಅವುಗಳ ಮೊತ್ತಕ್ಕೆ ಕೂಡಿಸುವ ಅಗತ್ಯವೂ ಇಲ್ಲ. ಪ್ರತಿ ಅವಿಭಾಜ್ಯಕ್ಕೆ ಒಂದು ಸೇರಿಸಿ 4 × 80 × 2474 ಎಂದು ಗುಣಿಸಿದರೆ 791680 ದೊರೆಯುತ್ತದೆ. ಅದರಿಂದ ಸಂಖ್ಯೆಯನ್ನೇ ಕಳೆದರೆ ಉಳಿಯುವುದು 205579. 6 ತನ್ನ ಭಾಜಕಗಳಾದ 1, 2, 3ರ ಮೊತ್ತಕ್ಕೆ ಸಮವಾಗಿ ಪರಿಪೂರ್ಣವೆನಿಸಿದರೆ, ನಮ್ಮ ಸಂಖ್ಯೆಯ ಭಾಜಕಗಳು ಅದರ ಅರ್ಧವನ್ನೂ ಮುಟ್ಟದ ಕಾರಣ ಇದು ನ್ಯೂನ ಸಂಖ್ಯೆ.

ಕೊನೆಯದು ವರ್ಗಗಳ ಪ್ರಶ್ನೆ. 4ರಿಂದ ಭಾಗಿಸಿದಾಗ 3 ಶೇಷ ಉಳಿಸುವ ಅವಿಭಾಜ್ಯವು ಬೆಸ ಸಲ ಬಂದರೆ ಆ ಸಂಖ್ಯೆಯನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಲಾಗದು. ಇಲ್ಲಿ 3 ಮತ್ತು 79 ಎರಡೂ ಅಂಥವೇ. ವರ್ಗಗಳ ವ್ಯತ್ಯಾಸವಾಗಿ ಮಾತ್ರ ಬರೆಯಬಹುದು: 2473 ಮತ್ತು 237ರ ಮೊತ್ತದ ಅರ್ಧ 1355, ವ್ಯತ್ಯಾಸದ ಅರ್ಧ 1118. ಮೊದಲನೆಯದರ ವರ್ಗ 1836025ರಿಂದ ಎರಡನೆಯದರ ವರ್ಗ 1249924ನ್ನು ಕಳೆದು ನೋಡಿ, 586101 ಬರುತ್ತದೆ.